15ರ ವಯಸ್ಸಿಗೆ ಬರೆದ ಪತ್ರ: ಆಂಜೆಲಾ ಆಕಿ ಅವರ "ತೆಗಾಮಿ" ಹಾಡು ಯಾರ್ಯಾರು ಕೇಳಿದೀರಾ?

ಎದೊಗಾವಾ_ಅಮ್ಮ:

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬರೀ ಓದ್ಕೊಂಡಿದ್ದೆ, ಇವತ್ತು ಬರೀಲೇಬೇಕು ಅನ್ಸಿದೆ, ಸ್ವಲ್ಪ ಉದ್ದ ಆಗುತ್ತೆ.

ನಾವು ಮೈಸೂರಿನವರು, ಟೋಕಿಯೋದ ಎದೊಗಾವಾದಲ್ಲಿ 11 ವರ್ಷದಿಂದ ಇದೀವಿ. ಮಗಳು ಇಲ್ಲೇ ಸರ್ಕಾರಿ ಶಾಲೇಲಿ ಓದಿದ್ದು. ಇಲ್ಲಿ ಚೂಗಕ್ಕೋ ಅಂದ್ರೆ ನಮ್ಮ 7ನೇ ಕ್ಲಾಸಿಂದ 9ನೇ ಕ್ಲಾಸ್ ಲೆಕ್ಕ, ಅದು ಮುಗಿಯೋ ಹೊತ್ತಿಗೆ ಮಕ್ಕಳಿಗೆ 15 ವಯಸ್ಸು. ಕಡ್ಡಾಯ ಶಿಕ್ಷಣ ಅಲ್ಲಿಗೆ ಮುಗೀತು. ಮುಂದೆ ಹೈಸ್ಕೂಲಿಗೆ ಎಂಟ್ರೆನ್ಸ್ ಬರ್ದು ಸೇರ್ಬೇಕು, ಆರನೇ ಕ್ಲಾಸಿಂದ ಜೊತೆಗಿದ್ದ ಫ್ರೆಂಡ್ಸ್ ಎಲ್ಲ ಒಬ್ಬೊಬ್ರು ಒಂದೊಂದು ಕಡೆ ಹೋಗ್ತಾರೆ.

ಈ ಜನವರಿಯಿಂದ ನಮ್ಮನೇಲಿ ಒಂದೇ ಹಾಡು. ಹಾಡು ಅನ್ನೋದಕ್ಕಿಂತ ಹಾಡಿನ ಒಂದು ಎಳೆ ಅನ್ಬೇಕು. ಶಾಲೇಲಿ ಮೂರು ಗುಂಪು ಮಾಡಿ ಹಾಡಿಸ್ತಾರೆ, ಸೊಪ್ರಾನೋ, ಆಲ್ಟೋ, ಆಮೇಲೆ ಹುಡುಗರದ್ದು. ಮೇನ್ ಟ್ಯೂನ್ ಜಾಸ್ತಿ ಸೊಪ್ರಾನೋದವರ ಪಾಲಿಗೆ. ನನ್ನ ಮಗಳು ಆಲ್ಟೋ, ಕೆಳಗಿನ ಸ್ವರ. ಲಿಫ್ಟಲ್ಲಿ, ಬಟ್ಟೆ ಮಡಚುವಾಗ, ಸ್ನಾನದ ಮನೇಲಿ, ಅದೇ ಎರಡು ಮೂರು ಸ್ವರದಲ್ಲಿ ಗುನುಗ್ತಾನೇ ಇದ್ಲು. ನಂಗೆ ಅದ್ರಲ್ಲಿ ಏನೂ ರುಚಿ ಕಾಣ್ಲಿಲ್ಲ. ಒಂದಿನ ಪಾತ್ರೆ ತೊಳೀತಾ "ಇದೆಂಥ ಹಾಡೇ, ಮೇಲಕ್ಕೂ ಹೋಗಲ್ಲ ಕೆಳಕ್ಕೂ ಇಳಿಯಲ್ಲ" ಅಂದೆ. "ಅಮ್ಮಾ ಇದು ಒಬ್ರೇ ಹಾಡೋದಲ್ಲ" ಅಂದು ರೂಮಿಗೆ ಹೋಗ್ಬಿಟ್ಲು. ಆ ಟೈಮಲ್ಲಿ ಎಂಟ್ರೆನ್ಸ್ ಹತ್ರ ಬಂದಿತ್ತು, ಅವಳು ಮಾತಾಡೋದೇ ಕಮ್ಮಿ ಆಗಿತ್ತು, ಊಟ ಮಾಡಿ ಬಾಗಿಲು ಹಾಕ್ಕೊಂಡ್ರೆ ಮುಗೀತು, ಒಳಗೆ ಓದ್ತಿದಾಳೋ ಅಳ್ತಿದಾಳೋ ಗೊತ್ತಾಗ್ತಿರ್ಲಿಲ್ಲ.

ಮಾರ್ಚಲ್ಲಿ ಸೊತ್ಸುಗ್ಯೋಶಿಕಿ, ಅಂದ್ರೆ ಬೀಳ್ಕೊಡುಗೆ ಸಮಾರಂಭ. ಶಾಲೆಯ ಜಿಮ್ ಹಾಲ್, ಗೋಡೆಗೆಲ್ಲ ಕೆಂಪು ಬಿಳಿ ಪಟ್ಟೆಯ ಪರದೆ, ನಾವೆಲ್ಲ ಮನೆಯಿಂದ ತಂದ ಚಪ್ಪಲಿ ಹಾಕ್ಕೊಂಡು ಮಡಚೋ ಕುರ್ಚೀಲಿ ಕೂತಿದೀವಿ, ಕಾಲಡಿ ಐಸ್ ಥರ ತಣ್ಣಗೆ. ಎಲ್ಲರಿಗೂ ಸರ್ಟಿಫಿಕೇಟ್ ಕೊಟ್ಟಾದ್ಮೇಲೆ ಮಕ್ಕಳು ನಮ್ಮ ಕಡೆ ತಿರುಗಿ ನಿಂತ್ರು. ಪಿಯಾನೋ ನುಡಿಸಿದ್ದೂ ಅವರ ಕ್ಲಾಸಿನ ಹುಡುಗಿ, ಕೈ ಎತ್ತಿ ಹಾಡಿಸಿದ್ದೂ ಅವರ ಕ್ಲಾಸಿನ ಹುಡುಗ. ಎರಡು ಸಾಲು ಕೇಳಿದೆ, ಗೊತ್ತಿಲ್ಲದ ಹಾಡು ಅನ್ಕೊಂಡೆ. ಆಮೇಲೆ ಎಲ್ಲ ಗುಂಪೂ ಸೇರಿ ಹಾಡೋ ಜಾಗ ಬಂತು, ಕೆಳಗಡೆಯಿಂದ ನಮ್ಮ ಅಡುಗೆಮನೆಯ ಆ ಎಳೆ ಕೇಳಿಸ್ತು ನೋಡಿ! ಮೂರು ತಿಂಗಳು ನಂಗೆ ಬೇಜಾರು ತಂದಿದ್ದ ಅದೇ ಎರಡು ಮೂರು ಸ್ವರ ಇಡೀ ಹಾಡನ್ನ ಕೆಳಗಿಂದ ಹೊತ್ಕೊಂಡಿತ್ತು. ನಾನು ಅಲ್ಲೇ ಅತ್ತೆ. ಪಕ್ಕದಲ್ಲಿದ್ದ ಜಪಾನೀ ಅಮ್ಮ ಏನೂ ಮಾತಾಡ್ದೆ ಟಿಶ್ಯೂ ಪ್ಯಾಕೆಟ್ ನನ್ನ ತೊಡೆ ಮೇಲಿಟ್ರು.

ಮನೆಗೆ ಬಂದು ಹುಡುಕಿ ಓದ್ದೆ. "ತೆಗಾಮಿ, ಹೈಕೇಯ್ ಜೂಗೋ ನೋ ಕಿಮಿ ಎ". ತೆಗಾಮಿ ಅಂದ್ರೆ ಪತ್ರ, ಜೂಗೋ ನೋ ಕಿಮಿ ಎ ಅಂದ್ರೆ 15ರ ನಿನಗೆ. ಬರ್ದು ಹಾಡಿದ್ದು ಆಂಜೆಲಾ ಆಕಿ. ಅವರಿಗೆ 30 ತುಂಬಿದ ಹುಟ್ಟುಹಬ್ಬಕ್ಕೆ ಅವರಮ್ಮ ಒಂದು ಹಳೇ ಕಾಗದ ಕಳಿಸಿದ್ರಂತೆ, ಟೀನೇಜಲ್ಲಿ ಅವರೇ ಮುಂದಿನ ತಮಗೆ ಬರ್ಕೊಂಡಿದ್ದ ಪತ್ರ. ಅದರಿಂದ ಹುಟ್ಟಿದ ಹಾಡು. 2008ರಲ್ಲಿ ಜಪಾನಿನ ಸಾರ್ವಜನಿಕ ಟೀವಿ ರೇಡಿಯೋ ಸಂಸ್ಥೆ ಎನ್‌ಎಚ್‌ಕೆಯ 75ನೇ ಶಾಲಾ ಸಂಗೀತ ಸ್ಪರ್ಧೇಲಿ ಚೂಗಕ್ಕೋ ಮಕ್ಕಳೆಲ್ಲ ಹಾಡಲೇಬೇಕಾದ ಹಾಡು ಇದೇ ಆಗಿತ್ತು. ಸೆಪ್ಟೆಂಬರಲ್ಲಿ ಸಿಂಗಲ್ ಬಂತು, ಅದೇ ವರ್ಷದ ಕೊನೇ ರಾತ್ರಿ ಟೀವೀಲಿ ಬರೋ ಕೋಹಾಕು ಅನ್ನೋ ದೊಡ್ಡ ಹಾಡಿನ ಕಾರ್ಯಕ್ರಮದಲ್ಲಿ ಅವರು ಹಾಡಿದ್ರು. ಆವತ್ತಿಂದ ಇವತ್ತಿನವರೆಗೂ ಮಾರ್ಚ್ ಬಂದ್ರೆ ಜಪಾನಿನ ಶಾಲೆಗಳಲ್ಲಿ ಇದು ಕೇಳಿಸುತ್ತೆ.

ಮೊದಲನೇ ಭಾಗ 15ರ ಮಗು ದೊಡ್ಡವರಾದ ತನಗೆ ಬರೆಯೋದು: ಯಾರ ಹತ್ರನೂ ಹೇಳ್ಕೊಳ್ಳೋಕಾಗದ ಒಂದು ಚಿಂತೆ ಇದೆ, ನಿನಗೆ ಬರೆದ್ರೆ ಬಾಯಿಬಿಟ್ಟು ಹೇಳಬಹುದೇನೋ ಅಂತ. ಎರಡನೇ ಭಾಗ ದೊಡ್ಡವರು ಬರೆಯೋ ಉತ್ತರ. ನನ್ನನ್ನ ಹಿಡಿದಿದ್ದು ಆ ಉತ್ತರ. ಎಲ್ಲ ಸರಿಹೋಗುತ್ತೆ ಕಂದಾ, ನಾನು ನೋಡು ಹೆಂಗೆ ಗೆದ್ದೆ ಅಂತ ಹೇಳಲ್ಲ ಅದು. ದೊಡ್ಡವಳಾದ ನಂಗೂ ನೋವಾಗಿ ನಿದ್ದೆ ಬರದ ರಾತ್ರಿಗಳಿವೆ, ಆದ್ರೂ ಬದುಕ್ತಿದೀನಿ ಅನ್ನುತ್ತೆ. ನಾನು ಮಗಳಿಗೆ ಮೂರು ತಿಂಗಳು ಏನೇನೋ ಧೈರ್ಯ ಹೇಳಿದೀನಿ, ಇದೊಂದು ಮಾತು ಹೇಳಿರ್ಲಿಲ್ಲ.

ಯಾರಾದ್ರೂ ಕೇಳಿದೀರಾ? ಹೇಳಿ.

ಕುಡ್ಲ_ಟು_ನಾಗೋಯಾ:

ಅಕ್ಕಾ, ಓದಿ ಮುಗಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಚಂದ ಬರ್ದಿದ್ದೀರಿ.

ಆಂಜೆಲಾ ಅವರ ಬಗ್ಗೆ ಸ್ವಲ್ಪ ಸೇರಿಸ್ತೇನೆ. ಅವರು ಹುಟ್ಟಿದ್ದು 1977ರಲ್ಲಿ, ಶಿಕೊಕು ದ್ವೀಪದ ತೊಕುಶಿಮಾದಲ್ಲಿ, ಪೇಟೆ ಅಲ್ಲ, ಹಳ್ಳಿ ಕಡೆ. ಅಪ್ಪ ಜಪಾನೀ, ಅಮ್ಮ ಇಟಾಲಿಯನ್ ಮೂಲದ ಅಮೆರಿಕನ್. ಆ ಕಾಲದಲ್ಲಿ ಅಂಥ ಊರಲ್ಲಿ ಬೇರೆ ಮುಖ ಇಟ್ಕೊಂಡು ಬೆಳೆಯೋದು ಸುಲಭ ಇರ್ಲಿಕ್ಕಿಲ್ಲ. ಇನ್ನೊಂದು ವಿಷಯ ಉಂಟು, 15ನೇ ವಯಸ್ಸಿಗೆ ಅವರು ಹವಾಯಿಗೆ ಹೋದ್ರು. ಹಾಗಾಗಿ ಈ 15 ಅನ್ನೋ ಸಂಖ್ಯೆ ಅವರ ಬದುಕಲ್ಲೂ ಒಂದು ತಿರುವೇ. ಮತ್ತೆ ವಾಷಿಂಗ್ಟನ್‌ನಲ್ಲಿ ಕಾಲೇಜು, ಜಪಾನಿಗೆ ವಾಪಸ್ಸು, 2005ರಲ್ಲಿ "ಹೋಮ್" ಅನ್ನೋ ಮೊದಲ ಸಿಂಗಲ್, ಆಗ ಅವರಿಗೆ 28 ಆಗ್ಲಿಕ್ಕೆ ಒಂದೇ ದಿನ ಬಾಕಿ. ಇಲ್ಲಿಯ ಪಾಪ್ ಲೋಕದಲ್ಲಿ ಅದು ಲೇಟೇ ಮಾರಾಯ್ರೆ. ಆದ್ರೆ ಮರುವರ್ಷ ಡಿಸೆಂಬರ್ 26ಕ್ಕೆ ಟೋಕಿಯೋದ ಬುದೋಕಾನ್ ಅನ್ನೋ ದೊಡ್ಡ ಸಭಾಂಗಣದಲ್ಲಿ ಬರೀ ಒಂದು ಪಿಯಾನೋ ಇಟ್ಕೊಂಡು ಒಬ್ಬರೇ ಇಡೀ ಕಾರ್ಯಕ್ರಮ ಕೊಟ್ರು, ಅಲ್ಲಿ ಹಾಗೆ ಮಾಡಿದವರಲ್ಲಿ ಅವರೇ ಮೊದಲು. ಕನ್ನಡಕ, ಟೀ ಶರ್ಟ್, ಜೀನ್ಸ್, ಅಷ್ಟೇ ವೇಷ.

ನಾನು ಮಾತ್ರ ಬೇರೆ 15ರ ಕಡೆಯವನು. ಯುತಾಕಾ ಓಝಾಕಿ ಅನ್ನೋ ಗಾಯಕನ ಹಾಡು ಕೇಳಿದ್ದೀರಾ? 1983ರ ಡಿಸೆಂಬರಲ್ಲಿ ಬಂದ "ಜೂಗೋ ನೋ ಯೊರು", 15ರ ರಾತ್ರಿ. ಅವನಿಗೆ ಆಗ 18 ತುಂಬಿ ಎರಡು ದಿನ ಅಷ್ಟೇ. ಶಾಲೆ ಬೇಡ, ಮನೆ ಬೇಡ, ಕದ್ದ ಬೈಕ್ ಹತ್ತಿ ಎಲ್ಲಿಗೆ ಅಂತ ಗೊತ್ತಿಲ್ಲದೆ ಕತ್ತಲಲ್ಲಿ ಓಡೋ ಹುಡುಗನ ಹಾಡು. ಅವನು ಹೈಸ್ಕೂಲ್ ಬಿಟ್ಟವನು. ಅವನ ಕ್ಲಾಸಿನವರ ಬೀಳ್ಕೊಡುಗೆ ಇದ್ದ ದಿನವೇ, 1984 ಮಾರ್ಚ್ 15ಕ್ಕೆ, ಟೋಕಿಯೋದ ಶಿಂಜುಕುವಿನಲ್ಲಿ ಮೊದಲ ಸ್ಟೇಜ್ ಶೋ ಮಾಡಿದ. 26ಕ್ಕೇ ತೀರಿಕೊಂಡ, 1992ರಲ್ಲಿ. ಅಂತ್ಯಕ್ರಿಯೆಗೆ ಮಳೆಯಲ್ಲಿ ಸುಮಾರು 40,000 ಜನ ಸೇರಿದ್ರು. ಶಿಬುಯಾದಲ್ಲಿ ಅವನ ನೆನಪಿನ ಒಂದು ಗೋಡೆ ಉಂಟು. ನಾನು ಮೂರು ಸಲ ಹೋಗಿದ್ದೇನೆ, ಕಲ್ಲಿನ ಮೇಲೆಲ್ಲ ಪೆನ್ನಲ್ಲಿ ಬರ್ದ ಸಾಲುಗಳು, ಹಳೇದರ ಮೇಲೆ ಹೊಸದು, ಓದ್ಲಿಕ್ಕೂ ಆಗುದಿಲ್ಲ. ಅವನು ಸತ್ತ ಮೇಲೆ ಹುಟ್ಟಿದ ಮಕ್ಕಳೂ ಬಂದು ಬರೀತಾರೆ.

ನನಗೆ ಧೈರ್ಯ ಕೊಟ್ಟದ್ದು ಅವನು. ನಮ್ಮ ಸಿಟ್ಟನ್ನ ಯಾರಾದ್ರೂ ಹಾಡಿದ್ರೆ ಅದೂ ಒಂದು ಧೈರ್ಯ ಅಲ್ವಾ.

ಧಾರವಾಡದ_ಮಾಸ್ತರ:

ಅಕ್ಕಾರ, ನಮಸ್ಕಾರ್ರಿ. ನಾ ಹೈಸ್ಕೂಲ್ ಮಾಸ್ತರ, ಹತ್ತನೇತ್ತಾಕ ಕನ್ನಡ ಹೇಳತೀನಿ. ಜಪಾನಿ ಒಂದಕ್ಷರ ತಿಳ್ಯಂಗಿಲ್ಲ, ಆದ್ರ ನಿಮ್ಮ ಬರಹ ಓದಿ ಹಾಡು ಹುಡುಕಿ ಎರಡ ಸಲ ಕೇಳಿದೆ.

ಒಂದ್ ಪ್ರಶ್ನಿ ಐತ್ರಿ. ಹೈಕೇಯ್ ಅಂದ್ರ ಏನು? ಹಾಡ ಸುರು ಆಗೂದೂ ಅದರಿಂದನ, ಹೆಸರಿನ್ಯಾಗೂ ಅದನ ಐತಿ.

ನಿಹೊಂಗೊ_ವಿದ್ಯಾರ್ಥಿನಿ:

ಸರ್ ನಾನು ಹೇಳ್ತೀನಿ, ಬೆಂಗಳೂರಲ್ಲಿ ಜಪಾನೀಸ್ ಕಲೀತಿದೀನಿ, ಅದರ ಪರೀಕ್ಷೆಯ ಮಧ್ಯದ ಹಂತ ಎನ್3 ಪಾಸಾಗಿದೆ. ಹೈಕೇಯ್ ಅನ್ನೋದು ದೊಡ್ಡವರಿಗೋ ಹೊರಗಿನವರಿಗೋ ಮರ್ಯಾದೆಯಿಂದ ಪತ್ರ ಬರೆಯುವಾಗ ಮೊದಲು ಹಾಕೋ ಪದ, ತಲೆಬಾಗಿ ಅರಿಕೆ ಮಾಡ್ತೀನಿ ಅನ್ನೋ ಥರ. ನಮ್ಮ ತಾತನ ಕಾಲದ ಕಾಗದಗಳಲ್ಲಿ "ಸಾಷ್ಟಾಂಗ ನಮಸ್ಕಾರಗಳು, ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯಿರಿ" ಅಂತ ಇರ್ತಿತ್ತಲ್ಲ, ಹತ್ರ ಹತ್ರ ಆ ಗತ್ತು. ಈಗ ನೋಡಿ, 15ರ ಮಗು ದೊಡ್ಡ ತನಗೆ ಹೈಕೇಯ್ ಹಾಕೋದು ಸರಿ. ಆದ್ರೆ ಉತ್ತರ ಬರೆಯುವಾಗ ಆ ದೊಡ್ಡವರೂ ಹೈಕೇಯ್ ಅಂತಲೇ ಶುರು ಮಾಡಿ ಥ್ಯಾಂಕ್ಸ್ ಹೇಳ್ತಾರೆ. ಚಿಕ್ಕವರಿಗೆ ಯಾರು ಸಾಷ್ಟಾಂಗ ಹಾಕ್ತಾರೆ ಹೇಳಿ? ನಂಗೆ ಆ ಮರ್ಯಾದೆ ತುಂಬ ಇಷ್ಟ.

ಇನ್ನೊಂದು ವಿಷಯ ಇದೆ, ಇದನ್ನ ಹೇಳೋಕೇ ಲಾಗಿನ್ ಆಗಿದ್ದು. ಮೊದಲ ಭಾಗದಲ್ಲಿ ಮಗು "ಮಕೆಸೋ ದೆ" ಅನ್ನುತ್ತೆ, ಅಂದ್ರೆ ಇನ್ನೇನು ಸೋತೇಬಿಡ್ತೀನೇನೋ ಅಂತ. ಉತ್ತರದಲ್ಲಿ ಅದೇ ಟ್ಯೂನಿಗೆ ಅದೇ ಜಾಗದಲ್ಲಿ "ಮಕೆನಾಯ್ ದೆ", ಅಂದ್ರೆ ಸೋಲಬೇಡ. ಮಕೆ ಅನ್ನೋ ಬೇರು ಹಾಗೇ ಇದೆ, ಬಾಲ ಮಾತ್ರ ಬದಲಾಯ್ತು. ಅಳೋ ಪದಕ್ಕೂ ಹಾಗೇನೇ. ನಮ್ಮ ಕನ್ನಡದಲ್ಲೂ ಕ್ರಿಯಾಪದದ ಬಾಲದಲ್ಲೇ ತಾನೇ ಎಲ್ಲ ಭಾವ ಇರೋದು, ಸೋಲ್ತೀನೇನೋ, ಸೋಲ್ಬೇಡ. ಹಾಗಾಗಿ ನಂಗೆ ಅನುವಾದ ಇಲ್ದೇನೇ ತಲುಪಿಬಿಡ್ತು. ಮಗು ಕೊಟ್ಟ ಪದಾನೇ ತಗೊಂಡು ದೊಡ್ಡವರು ಬಾಲ ತಿರುಗಿಸಿ ವಾಪಸ್ ಕೊಡ್ತಾರೆ. ಮತ್ತೆ ಮಗು ಯಾರ ಮಾತು ನಂಬ್ಲಿ ಅಂತ ಕೇಳುತ್ತೆ, ಉತ್ತರ ನನ್ನ ಮಾತು ನಂಬು ಅಂತ ಬರಲ್ಲ, ನಿನ್ನ ದನೀನೇ ನಂಬಿ ನಡಿ ಅಂತ ಬರುತ್ತೆ.

ಮೌನಿ_86:

ಎಲ್ಲರೂ ಮೆಚ್ಕೊಂಡಿರೋ ಜಾಗದಲ್ಲಿ ಬೇರೆ ಮಾತು ಹೇಳೋದು ಕಷ್ಟ, ಆದ್ರೂ ಹೇಳ್ತೀನಿ, ದಯವಿಟ್ಟು ತಪ್ಪು ತಿಳೀಬೇಡಿ.

ನಾನು ಆರು ವರ್ಷ ಜಪಾನಲ್ಲಿ ಕೆಲಸ ಮಾಡ್ದೆ, ಕೊನೇ ಎರಡು ವರ್ಷ ಡಿಪ್ರೆಷನ್. ಕೆಲಸದ ಜಾಗದಲ್ಲಿ ದಿನಕ್ಕೆ ಹತ್ತು ಸಲ "ಗಂಬಾತ್ತೆ" ಕೇಳ್ತಿದ್ದೆ, ಪ್ರಯತ್ನ ಬಿಡಬೇಡ ಅಂತ. ಹೇಳೋರು ಪ್ರೀತಿಯಿಂದಲೇ ಹೇಳ್ತಿದ್ರು. ಆದ್ರೆ ಇರೋ ಶಕ್ತಿ ಎಲ್ಲ ಹಾಕಿ ಬೆಳಗ್ಗೆ ಹಾಸಿಗೆಯಿಂದ ಎದ್ದು ಟ್ರೈನ್ ಹತ್ತಿ ಬಂದೋನಿಗೆ ಇನ್ನೂ ಪ್ರಯತ್ನ ಹಾಕು ಅಂದ್ರೆ ಏನಾಗುತ್ತೆ? ಖಿನ್ನತೆ ಇರೋರಿಗೆ ಈ ಪದ ಹೇಳಬಾರದು ಅಂತ ಅಲ್ಲಿನ ಜನಕ್ಕೇ ಈಗ ಚೆನ್ನಾಗಿ ಗೊತ್ತು. ಅದಕ್ಕೆ ಈ ಸ್ಫೂರ್ತಿ ಹಾಡು ಅನ್ನೋ ಜಾತೀನೇ ನಂಗೆ ಆಗ್ತಿರ್ಲಿಲ್ಲ. ಸೋಲಬೇಡ ಅಂದ್ರೆ ಸೋತೋರು ಏನು ಮಾಡ್ಬೇಕು? 15ರ ಮಕ್ಕಳನ್ನ ಸಾಲಾಗಿ ನಿಲ್ಲಿಸಿ ಅಳಬೇಡ ಅಂತ ಹಾಡಿಸಿದ್ರೆ, ನಿಜಕ್ಕೂ ಒಳಗೊಳಗೇ ಮುಳುಗ್ತಿರೋ ಮಗು ಬಾಯಿ ಆಡಿಸ್ತಾ ಏನನ್ಕೊಳ್ಳುತ್ತೆ?

ಎದೊಗಾವಾ_ಅಮ್ಮ:

ಮೌನಿ ಅವರೇ, ತಪ್ಪು ತಿಳಿಯೋದೆಲ್ಲಿಂದ ಬಂತು, ನೀವು ಬರ್ದಿದ್ದೇ ಒಳ್ಳೇದಾಯ್ತು. ಈಗ ಹೇಗಿದೀರಾ? ಮೊದಲು ಅದು ಹೇಳಿ.

ನಿಮ್ಮ ಪ್ರಶ್ನೆಗೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಒಂದು ಮಾತ್ರ ಗಮನಿಸಿದೀನಿ. ಈ ಹಾಡಲ್ಲಿ ಸೋಲಬೇಡ ಅನ್ನೋ ಮಾತು ಮೊದಲಿಗೆ ಬರಲ್ಲ. ಮೊದಲು ಮಗು ತನ್ನದನ್ನೆಲ್ಲ ಹೇಳಿ ಮುಗಿಸುತ್ತೆ, ಸೋಲೋ ಹಾಗಿದೀನಿ, ಅಳೋ ಹಾಗಿದೀನಿ, ಇಲ್ಲದೇ ಹೋಗ್ಬಿಡ್ತೀನೇನೋ ಅನ್ನೋವರೆಗೂ. ಅಷ್ಟೂ ಮಕ್ಕಳು ಅದನ್ನ ಜೋರಾಗಿ ಅಪ್ಪ ಅಮ್ಮನ ಮುಂದೆ ಹಾಡ್ತಾರೆ. ನನ್ನ ಮಗಳು ಮೂರು ತಿಂಗಳು ಬಾಗಿಲ ಹಿಂದೆ ಇಟ್ಕೊಂಡಿದ್ದನ್ನ ಆವತ್ತು ನನ್ನ ಮುಖ ನೋಡ್ಕೊಂಡು ಹಾಡಿದ್ಲು ಅಂತಲೇ ನನಗನ್ಸಿದ್ದು. ಬಾಯಿಬಿಟ್ಟು ಹೇಳು ಅಂದಿದ್ರೆ ಹೇಳ್ತಿರ್ಲಿಲ್ಲ.

ಒಸಾಕಾ_ಹಳಬ:

90ರ ದಶಕದಲ್ಲಿ ಒಸಾಕಾದಲ್ಲಿ ಏಳು ವರ್ಷ ಇದ್ದವನು ನಾನು, ಈಗ ರಿಟೈರ್ ಆಗಿ ಶಿವಮೊಗ್ಗದಲ್ಲಿದೀನಿ. ಮೌನಿ ಅವರಿಗೆ ಒಂದು ಹಾಡು ಹೇಳ್ಬೇಕು, ಮಿಯುಕಿ ನಕಾಜಿಮಾ ಅವರ "ಫೈಟ್!". 1983ರ ಆಲ್ಬಮ್ಮಿಂದು, 1994ರಲ್ಲಿ ಸಿಂಗಲ್ ಆಗಿ ಮತ್ತೆ ಬಂತು, ನಾನು ಕೇಳಿದ್ದು ಆವಾಗ.

ಅದೂ ಪತ್ರದಿಂದಲೇ ಶುರುವಾಗೋದು ನೋಡಿ! ನಾನು ಚೂಗಕ್ಕೋ ಮಾತ್ರ ಓದಿರೋದು ಅಂತ ಕೆಲಸ ಕೊಡ್ತಿಲ್ಲ ಅಂತ ಒಂದು ಹುಡುಗಿ ಬರೆದ ಕಾಗದ, ಕೈಬರಹದ ಅಕ್ಷರಗಳು ನಡುಗ್ತಿವೆ ಅಂತಾರೆ ನಕಾಜಿಮಾ. ಹೊಳೆಯ ಪ್ರವಾಹಕ್ಕೆ ಎದುರಾಗಿ ಈಜೋ ಸಣ್ಣ ಮೀನುಗಳು ಬರ್ತವೆ ಅದ್ರಲ್ಲಿ. ಹೋರಾಡ್ತಿರೋರ ಹಾಡನ್ನ ನೋಡಿ ನಗೋರು ಹೋರಾಡದೇ ಇರೋರೇ ಅನ್ನೋ ಅರ್ಥದ ಒಂದು ಸಾಲಿದೆ. ಗೆಲ್ತೀಯ ಅಂತ ಎಲ್ಲೂ ಹೇಳಲ್ಲ. ಗೊಣಗೋ ದನೀಲಿ ಶುರುವಾಗಿ ಕೊನೇಗೆ ಗಂಟಲು ಹರಿಯೋ ಹಾಗೆ ಹಾಡ್ತಾರೆ. ನಾವು ಕೆಲಸ ಮಾಡ್ತಿದ್ದ ವರ್ಕ್‌ಶಾಪ್ ಪಕ್ಕ ಒಂದು ಪುಟ್ಟ ಬಾರ್, ಶನಿವಾರ ಕರಾವೊಕೆ. ಲೇತ್ ಮೇಲೆ ಕೆಲಸ ಮಾಡೋ ಒಬ್ಬ ಹಿರಿಯ, 50 ದಾಟಿತ್ತು, ವಾರಾ ವಾರಾ ಅದೊಂದೇ ಹಾಡ್ತಿದ್ದ. ಅವನು ಹಾಡುವಾಗ ಯಾರೂ ಚಪ್ಪಾಳೆ ತಟ್ತಿರ್ಲಿಲ್ಲ, ಗ್ಲಾಸ್ ಕೆಳಗಿಟ್ಟು ಕೂರ್ತಿದ್ರು. ಅವನೂ ಚೂಗಕ್ಕೋ ಮುಗಿಸಿ 15ಕ್ಕೇ ಹಳ್ಳಿಯಿಂದ ಒಸಾಕಾಕ್ಕೆ ಕೆಲಸಕ್ಕೆ ಬಂದವನು ಅಂತ ಆಮೇಲೆ ತಿಳೀತು. ಯುದ್ಧದ ನಂತರ ಆ ಥರ ಹಳ್ಳಿಗಳಿಂದ ರೈಲುಗಟ್ಟಲೆ ಮಕ್ಕಳು ಕಾರ್ಖಾನೆಗಳಿಗೆ ಬರ್ತಿದ್ರಂತೆ.

ಕುಡ್ಲ_ಟು_ನಾಗೋಯಾ:

ಹಿರಿಯರೇ, ನೀವು ಹೇಳಿದ್ದು ಕೇಳಿ ನೆನಪಾಯ್ತು, 15ಕ್ಕೇ ಮನೆ ಬಿಟ್ಟು ಹೋಗುದು ಈಗಲೂ ಪೂರ್ತಿ ನಿಂತಿಲ್ಲ. ಒಕಿನಾವಾ ಕಡೆ ಮಿನಾಮಿ ದೈತೋ ಅಂತ ಒಂದು ಪುಟ್ಟ ದ್ವೀಪ ಉಂಟು, ಅಲ್ಲಿ ಹೈಸ್ಕೂಲೇ ಇಲ್ಲ. ಚೂಗಕ್ಕೋ ಮುಗಿದ ಕೂಡ್ಲೇ ಮಕ್ಕಳು ಅಪ್ಪ ಅಮ್ಮನ ಬಿಟ್ಟು ಬೇರೆ ಕಡೆ ಹೋಗಲೇಬೇಕು. "15ರ ವಸಂತ" ಅಂತ ಜಪಾನಲ್ಲಿ ಒಂದು ಮಾತೇ ಉಂಟಲ್ಲ. ಆಂಜೆಲಾ ಅವರ ಹಾಡನ್ನೇ ಇಟ್ಕೊಂಡು ನಾಗಾಸಾಕಿಯ ಗೊತೊ ದ್ವೀಪದ ಶಾಲಾ ಮಕ್ಕಳ ಮೇಲೆ ಕಾದಂಬರಿ ಬಂತು, 2015ರಲ್ಲಿ ಸಿನಿಮಾನೂ ಬಂತು. ದ್ವೀಪದ ಮಕ್ಕಳ ಬಾಯಲ್ಲಿ ಆ ಹಾಡು ಕೇಳಿದ್ರೆ ತೂಕವೇ ಬೇರೆ.

ಮತ್ತೆ ನನ್ನ ಓಝಾಕಿ ಮತ್ತು ಆಂಜೆಲಾ ಬೇರೆ ಬೇರೆ ಅಂತ ಬರ್ದಿದ್ದೆ, ಈಗ ಯೋಚನೆ ಮಾಡಿದ್ರೆ ಓಝಾಕಿಗೆ ಉತ್ತರ ಬರೆಯುವವರು ಯಾರೂ ಇರ್ಲಿಲ್ಲ ಅಂತ ಕಾಣ್ತದೆ. ಬೇಜಾರಾಯ್ತು.

ಮೌನಿ_86:

ಈಗ ಆರಾಮಿದೀನಿ ಅಕ್ಕಾ, ಕೇಳಿದ್ದಕ್ಕೆ ತುಂಬ ಥ್ಯಾಂಕ್ಸ್. ಊರಿಗೆ ವಾಪಸ್ ಬಂದು ನಾಲ್ಕು ವರ್ಷ ಆಯ್ತು, ಮಾತ್ರೆನೂ ಈಗ ಕಮ್ಮಿ.

ನಿನ್ನೆ ರಾತ್ರಿ "ಫೈಟ್!" ಕೇಳ್ದೆ, "ತೆಗಾಮಿ" ಕೂಡ ಮೊದಲಿಂದ ಕೊನೇವರೆಗೂ ಕೇಳ್ದೆ, ಇದುವರೆಗೂ ಅರ್ಧಕ್ಕೇ ನಿಲ್ಲಿಸ್ತಿದ್ದೆ. ಅಳಬೇಡ ಅನ್ನೋ ಮಾತು ನಂಗೆ ಈಗಲೂ ಒಪ್ಪಿಗೆ ಇಲ್ಲ, ಅಳ್ಬೇಕು ಅನ್ಸಿದ್ರೆ ಅಳಬೇಕು. ಆದ್ರೆ ನಿದ್ದೆ ಬರದ ರಾತ್ರಿ ನಂಗೂ ಇದೆ ಅಂತ ಒಬ್ರು ದೊಡ್ಡವರು ಒಪ್ಕೊಳ್ಳೋ ಆ ಸಾಲು ಇದ್ಯಲ್ಲ, ಅದನ್ನ ನನ್ನ ಸೀನಿಯರ್‌ಗಳಲ್ಲಿ ಒಬ್ರಾದ್ರೂ ಹೇಳಿದ್ರೆ ಚೆನ್ನಾಗಿರ್ತಿತ್ತು.

ಧಾರವಾಡದ_ಮಾಸ್ತರ:

ಮೂರು ವಾರ ಆತು, ಮತ್ತ ಬರ್ಯಾಕತ್ತೀನಿ. ನಮ್ಮ ಹತ್ತನೇತ್ತಾ ಹುಡುಗ್ರಿಗೂ ಅದ ವಯಸ್ಸು ನೋಡ್ರಿ, 15, 16, ಎಸ್ಸೆಸ್ಸೆಲ್ಸಿ ಅನ್ನೂ ಗುಡ್ಡ ಎದುರಿಗೆ. ಪತ್ರಲೇಖನ ಪಾಠ ಹೆಂಗಿದ್ರೂ ಹೇಳಬೇಕಿತ್ತು. ರಜಾ ಚೀಟಿ, ಮುಖ್ಯೋಪಾಧ್ಯಾಯರಿಗೆ ಪತ್ರ, ಅವೆಲ್ಲಾ ಬಿಟ್ಟು, 30 ವರ್ಷ ಆದಾಗಿನ ನಿಮಗ ನೀವ ಒಂದ್ ಪತ್ರ ಬರೀರಿ, ನಾ ಓದಂಗಿಲ್ಲ, ಮಾರ್ಕ್ಸ್ ಇಲ್ಲ ಅಂದೆ. ಮೊದಲ ನಕ್ಕರು. ಆಮ್ಯಾಲ ಕ್ಲಾಸು ಎಷ್ಟ್ ಗಪ್ ಆತಂದ್ರ ಹೊರಗ ಬಿಸಿಯೂಟದ ಪಾತ್ರಿ ಸಪ್ಪಳ ಕೇಳಸ್ತಿತ್ತು. ಹಿಂದಿನ ಬೆಂಚಿನ ಒಬ್ಬ ಹುಡುಗ, ಪರೀಕ್ಷಾದಾಗ ಅರ್ಧ ಪುಟ ಬರ್ಯಾಂವಲ್ಲ, ಎರಡು ಹಾಳಿ ತುಂಬಿಸಿ ಮೂರನೇದ್ ಕೇಳಿದ. ಎಲ್ಲಾರೂ ಅಂಟು ಹಚ್ಚಿ ಮನಿಗೆ ಒಯ್ದಾರ.

ನಾ ಏನ್ ಮಾಡಿದೆ ಅಂದ್ರ, ಮನ್ಯಾಗ ಕುಂತು 15ರ ನನಗ ಉತ್ತರ ಬರ್ಯಾಕ ಕುಂತೆ. ನನಗೀಗ 47. "ಪ್ರೀತಿಯ" ಅಂತ ಬರ್ದು ಅಲ್ಲೇ ನಿಂತೀನಿ. ಆ ವರ್ಷ ಅಪ್ಪ ತೀರ್ಕೊಂಡಿದ್ರು. ಆ ಹುಡುಗಗ ಏನ್ ಹೇಳಬೇಕು ಇನ್ನೂ ಗೊತ್ತಾಗವಲ್ದು, ದಿನಾ ಹಾಳಿ ತಗದು ನೋಡತೀನಿ.

ನಿಹೊಂಗೊ_ವಿದ್ಯಾರ್ಥಿನಿ:

ಸರ್, ನಿಧಾನಕ್ಕೆ ಬರೀರಿ. ಆಂಜೆಲಾ ಅವರೇ ಪತ್ರ ಸಿಕ್ಕಿದ್ದು 30ಕ್ಕೆ ಅಲ್ವಾ, ಅಷ್ಟು ವರ್ಷ ಅದು ಅವರಮ್ಮನ ಹತ್ರ ಇತ್ತು.

ಅವರು ಈಗೇನು ಮಾಡ್ತಿದಾರೆ ಅಂತ ಯಾರೋ ಮೆಸೇಜಲ್ಲಿ ಕೇಳಿದ್ರು, ಇಲ್ಲೇ ಹಾಕ್ತೀನಿ. 2014ರ ಆಗಸ್ಟಲ್ಲಿ, ಹೆಸರು ಚೆನ್ನಾಗಿ ಇರುವಾಗಲೇ, ಬುದೋಕಾನಲ್ಲಿ ಕೊನೇ ಶೋ ಮಾಡಿ ಜಪಾನಿನ ಕೆಲಸ ನಿಲ್ಲಿಸಿ, ಮ್ಯೂಸಿಕಲ್ ನಾಟಕ ಬರೆಯೋದು ಕಲಿಯೋಕೆ ಅಮೆರಿಕಾಗೆ ಹೋದ್ರು, 36ನೇ ವಯಸ್ಸಲ್ಲಿ ಮತ್ತೆ ಸ್ಟೂಡೆಂಟ್. ಹತ್ತು ವರ್ಷ ಆದ್ಮೇಲೆ 2024ರ ಮೇ ತಿಂಗಳಲ್ಲಿ, ಯುದ್ಧಕಾಲದ ಹಿರೋಶಿಮಾ ಕಡೆಯ ಒಂದು ಹೆಣ್ಣುಮಗಳ ಕಥೆ ಇರೋ ಮ್ಯೂಸಿಕಲ್‌ಗೆ ಅವರ ಸಂಗೀತ ಟೋಕಿಯೋದಲ್ಲಿ ಸ್ಟೇಜ್ ಮೇಲೆ ಬಂತು. ನಂಗೆ ಇದು ಅವರ ಹಾಡುಗಳಷ್ಟೇ ದೊಡ್ಡ ಧೈರ್ಯ.

ಎದೊಗಾವಾ_ಅಮ್ಮ:

ಮಾಸ್ತರೇ, ನಿಮ್ಮ ಆ ಹುಡುಗ ಮೂರನೇ ಹಾಳೆ ಕೇಳಿದ್ದು ಓದಿ ನನ್ನ ಗಂಡನಿಗೂ ಓದಿ ಹೇಳ್ದೆ.

ಇಲ್ಲೂ ಶಾಲೇಲಿ 20 ವರ್ಷದ ತಮಗೆ ಅಂತ ಮಕ್ಕಳ ಹತ್ರ ಪತ್ರ ಬರೆಸಿದ್ರಂತೆ, ಮಗಳದ್ದೂ ಇದೆ. ಏನು ಬರ್ದೆ ಅಂತ ಕೇಳ್ಲಿಲ್ಲ ನಾನು. ಅದ್ರ ಬದ್ಲು ಒಂದು ರಾತ್ರಿ ಅವಳ ರೂಮಲ್ಲಿ ಕೂತು, ನಂಗೆ 15 ಇದ್ದಾಗ ಮೈಸೂರಲ್ಲಿ ಲೆಕ್ಕದಲ್ಲಿ ಫೇಲ್ ಆಗಿ ಎರಡು ದಿನ ಮಾರ್ಕ್ಸ್ ಕಾರ್ಡ್ ಹಾಸಿಗೆ ಕೆಳಗೆ ಬಚ್ಚಿಟ್ಟಿದ್ದು ಹೇಳ್ದೆ, ಇಲ್ಲಿಗೆ ಬಂದ ಮೊದಲ ವರ್ಷ ಭಾಷೆ ಬರ್ದೆ ವಾಷಿಂಗ್ ಮೆಷೀನ್ ಆನ್ ಮಾಡಿ ಆ ಸದ್ದಲ್ಲಿ ಅಳ್ತಿದ್ದೂ ಹೇಳ್ದೆ. "ನಂಗೊತ್ತಿತ್ತು ಅಮ್ಮ, ಕೇಳಿಸ್ತಿತ್ತು" ಅಂದ್ಲು. ಆವಾಗ ಅವಳಿಗೆ ನಾಲ್ಕು ವರ್ಷ.

ಅವಳೀಗ ಹೈಸ್ಕೂಲ್ ಸೇರಿದಾಳೆ, ಮೊದಲನೇ ಚಾಯ್ಸ್ ಸಿಗ್ಲಿಲ್ಲ, ಎರಡನೇದು. ಅಲ್ಲಿ ಬ್ಯಾಡ್ಮಿಂಟನ್ ಕ್ಲಬ್ ಹಿಡಿದಿದಾಳೆ, ಹಾಡೋದು ನಿಂತಿದೆ. ಪಾತ್ರೆ ತೊಳೆಯುವಾಗ ನಾನೇ ಗುನುಗ್ತೀನಿ ಈಗ. ಮೇನ್ ಟ್ಯೂನ್ ಬಾಯಿಗೆ ಬರಲ್ಲ, ಆಲ್ಟೋನೇ ಬರೋದು.